ವಸಡಿನ ರೋಗಕ್ಕೆ ಸಸ್ಯಮೂಲದ ಮದ್ದು: ಮೂರು ಸಸ್ಯಗಳು ಕಲಿಸಿದ ಪಾಠ

'ವಯಸ್ಸಾದ ಮೇಲೆ ಹಲ್ಲು ಬೀಳುವುದು ಸಹಜ' ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಕೂದಲು ನರೆಯುವುದು, ಕಣ್ಣು ಮಂಜಾಗುವುದು ಹೇಗೋ ಹಲ್ಲು ಉದುರುವುದೂ ಹಾಗೆಯೇ ಎಂದು ಬಹುಮಂದಿ ಭಾವಿಸಿದ್ದಾರೆ. ಹುಳುಕಿನ ಗುರುತೇ ಇಲ್ಲದ ಗಟ್ಟಿ ಹಲ್ಲು ಒಂದು ದಿನ ಅಲುಗಾಡತೊಡಗುತ್ತದೆ. ಅದಕ್ಕೆ ಎಷ್ಟೋ ವರ್ಷ ಮೊದಲೇ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದಿರುತ್ತದೆ, ಬಾಯಿ ವಾಸನೆ ಶುರುವಾಗಿರುತ್ತದೆ. ಆಗ ಯಾರೋ ಒಂದು ಪುಡಿಯನ್ನೋ ಕ್ಯಾಪ್ಸೂಲನ್ನೋ ಸೂಚಿಸುತ್ತಾರೆ. 'ಇದು ಸಸ್ಯಮೂಲದ್ದು, ಅಡ್ಡ ಪರಿಣಾಮ ಇಲ್ಲ' ಎಂಬ ಭರವಸೆಯೂ ಜೊತೆಗಿರುತ್ತದೆ.

ಇಲ್ಲಿ ಎರಡು ನಂಬಿಕೆಗಳಿವೆ. ಹಲ್ಲು ಬೀಳುವುದು ವಯಸ್ಸಿನ ಫಲ ಎಂಬುದು ಒಂದು. ಸಸ್ಯದಿಂದ ಬಂದ ಮದ್ದು ಗುಣ ಮಾಡದಿದ್ದರೂ ಕೇಡು ಮಾಡದು ಎಂಬುದು ಇನ್ನೊಂದು. ಎರಡನ್ನೂ ವಿಜ್ಞಾನದ ಇತಿಹಾಸ ಪರೀಕ್ಷೆಗೆ ಒಡ್ಡಿದೆ. ಆ ಪರೀಕ್ಷೆಯ ಮುಖ್ಯ ಪಾತ್ರಗಳು ಮೂರು ಸಸ್ಯಗಳು: ನಿಂಬೆ, ಇಪಿಕಾಕ್ ಮತ್ತು ಬ್ಲಡ್‌ರೂಟ್ ಎಂಬ ಕೆಂಪು ಬೇರಿನ ಗಿಡ. ಒಂದು ಗೆದ್ದಿತು, ಒಂದು ಸೋತಿತು, ಮತ್ತೊಂದು ಗೆದ್ದಂತೆ ಕಂಡು ಅಪಾಯ ತಂದಿತು. ಈ ಮೂರು ಫಲಗಳಿಗೆ ಕಾರಣವೇನು ಎಂಬುದನ್ನು ನೋಡೋಣ.

ರೋಗದ ನೆಲೆ

ಹಲ್ಲು ದವಡೆಯ ಮೂಳೆಯಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ನೇರವಾಗಿ ನಾಟಿಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಪದರವಿದೆ. ಹಲ್ಲು ಈ ನಾರುಗಳ ಮೇಲೆ ತೂಗುತ್ತದೆ. ಹಲ್ಲಿಗೂ ವಸಡಿಗೂ ನಡುವೆ ಒಂದು ಸಣ್ಣ ಸೀಳು ಇರುತ್ತದೆ. ಆರೋಗ್ಯವಂತರಲ್ಲಿ ಅದರ ಆಳ ಸಾಮಾನ್ಯವಾಗಿ 3 ಮಿಲಿಮೀಟರ್ ದಾಟುವುದಿಲ್ಲ.

ಈ ಸೀಳಿನ ಅಂಚಿನಲ್ಲಿ ಬ್ಯಾಕ್ಟೀರಿಯಗಳ ತೆಳು ಪದರ ಕೂಡುತ್ತದೆ. ಅದನ್ನು ಪ್ಲೇಕ್ ಎನ್ನುತ್ತಾರೆ. ದಂತಪಾಚಿ ಎಂದರೂ ಸರಿಯೇ. ಹಾಗೆಯೇ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಲವಣಗಳು ಸೇರಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ದಂತಪಾಚಿಯಿಂದ ವಸಡು ಕೆಂಪಾಗಿ ಊದಿಕೊಂಡು ರಕ್ತ ಒಸರುವ ಹಂತಕ್ಕೆ ವಸಡಿನ ಉರಿಯೂತ ಎಂದು ಹೆಸರು. ಉರಿಯೂತ ಇನ್ನೂ ಕೆಳಗಿಳಿದು ನಾರುಗಳನ್ನೂ ಮೂಳೆಯನ್ನೂ ಕರಗಿಸಿದರೆ ಅದು ಪರಿದಂತ ಉರಿಯೂತ. ಹಿಂದೆ ಇದನ್ನೇ ಪಯೋರಿಯಾ ಎನ್ನುತ್ತಿದ್ದರು. ಸೀಳು ಆಗ ಚೀಲದಂತೆ ಆಳವಾಗುತ್ತದೆ. ಮೊದಲ ಹಂತದಿಂದ ಹಿಂದಿರುಗಬಹುದು. ಎರಡನೆಯದರಲ್ಲಿ ಕಳೆದುಹೋದ ಮೂಳೆ ತಾನಾಗಿ ಮರಳಿ ಬರುವುದಿಲ್ಲ. ರೋಗ ಮುಂದುವರಿಯದಂತೆ ತಡೆಯಬಹುದು ಅಷ್ಟೆ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದಿನ ಕಥೆಗೆಲ್ಲ ಇದೇ ಕೀಲಿ.

ಹಳೆಯ ಎರಡು ಸಾಕ್ಷ್ಯಗಳು

ವಸಡಿನ ರೋಗ ಹೊಸದಲ್ಲ. ಸುಶ್ರುತಸಂಹಿತೆಯಲ್ಲಿ ಹಲ್ಲಿನ ಬುಡಕ್ಕೆ ಸಂಬಂಧಿಸಿದ ರೋಗಗಳ ಪಟ್ಟಿಯೇ ಇದೆ. ಅವುಗಳಲ್ಲಿ ಒಂದಾದ ದಂತವೇಷ್ಟದ ಲಕ್ಷಣಗಳು ವಸಡಿನಿಂದ ಕೀವು, ರಕ್ತ ಒಸರುವುದು ಮತ್ತು ಹಲ್ಲು ಅಲುಗಾಡುವುದು. ಹಲ್ಲಿಗೆ ಅಂಟಿದ ಗಟ್ಟಿ ಮಲಕ್ಕೆ ದಂತಶರ್ಕರಾ ಎಂದು ಹೆಸರು. ಅದಕ್ಕೆ ಹೇಳಿರುವ ಚಿಕಿತ್ಸೆಯ ಕ್ರಮವನ್ನು ಗಮನಿಸಿ. ಮೊದಲು ಹಲ್ಲಿನ ಬುಡಕ್ಕೆ ಪೆಟ್ಟಾಗದಂತೆ ಶರ್ಕರೆಯನ್ನು ಕೆರೆದು ತೆಗೆಯಬೇಕು, ಅನಂತರ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ತಿಕ್ಕಬೇಕು. ಕೆರೆಯುವುದು ಮೊದಲು, ಪುಡಿ ಆಮೇಲೆ.

ಎರಡನೆಯ ಸಾಕ್ಷ್ಯ ಹಾಲೆಂಡಿನ ಡೆಲ್ಫ್ಟ್ ನಗರದ್ದು. ಆಂಟೊನಿ ವಾನ್ ಲೀವನ್‌ಹುಕ್ 1683ರಲ್ಲಿ ಹಲ್ಲಿನ ಸಂದಿಯ ಬಿಳಿ ಪದಾರ್ಥವನ್ನು ತಾನೇ ಮಾಡಿಕೊಂಡಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಓಡಾಡುತ್ತಿದ್ದ ಅತಿ ಸಣ್ಣ ಜೀವಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಕಾಗದದಲ್ಲಿ ವರ್ಣಿಸಿದ. ಆತ ಪರೀಕ್ಷಿಸಿದವರಲ್ಲಿ ಜನ್ಮದಲ್ಲೇ ಹಲ್ಲುಜ್ಜದ ಒಬ್ಬ ಮುದುಕನೂ ಇದ್ದ. ಆ ಮುದುಕನ ಬಾಯಲ್ಲಿ ಸೂಕ್ಷ್ಮಜೀವಿಗಳು ಕಿಕ್ಕಿರಿದಿದ್ದುವು. ಲೀವನ್‌ಹುಕ್ ಇನ್ನೂ ಒಂದು ಸಂಗತಿಯನ್ನು ಗುರುತಿಸಿದ. ದ್ರಾಕ್ಷಾರಸದ ವಿನೆಗರಿನಿಂದ ಬಾಯಿ ಮುಕ್ಕಳಿಸಿದರೆ ಆ ಪದರದ ಹೊರಮೈಯಲ್ಲಿದ್ದ ಜೀವಿಗಳು ಮಾತ್ರ ಸಾಯುತ್ತಿದ್ದುವು. ದ್ರವ ಒಳಗೆ ಇಳಿಯುತ್ತಿರಲಿಲ್ಲ. ಬ್ಯಾಕ್ಟೀರಿಯಗಳು ಅಂಟು ಪದರವಾಗಿ ಗುಂಪು ಕಟ್ಟಿಕೊಂಡಾಗ ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ ಎಂದು ನಾವು ಇಂದು ಪಾಠ ಮಾಡುತ್ತೇವೆ. ಇದರ ಮೊದಲ ಸುಳಿವು ಮೂರು ಶತಮಾನಗಳಿಗೂ ಹಿಂದಿನದು.

ಈ ಎರಡು ಸಾಕ್ಷ್ಯಗಳನ್ನು ಜೋಡಿಸಿದ್ದರೆ ಉತ್ತರ ಬೇಗ ಸಿಗುತ್ತಿತ್ತೇನೋ. ಆದರೆ ಇತಿಹಾಸ ಬೇರೆ ದಾರಿ ಹಿಡಿಯಿತು.

ಮೊದಲ ಸಸ್ಯ: ನಿಂಬೆ

ದೂರದ ಸಮುದ್ರಯಾನದಲ್ಲಿ ನಾವಿಕರಿಗೆ ಸ್ಕರ್ವಿ ಎಂಬ ರೋಗ ಬರುತ್ತಿತ್ತು. ವಸಡು ಸ್ಪಂಜಿನಂತೆ ಊದಿ, ಕಪ್ಪಾಗಿ, ರಕ್ತ ಸುರಿದು, ಹಲ್ಲುಗಳು ಕಳಚಿ ಬೀಳುತ್ತಿದ್ದುವು. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರ ಮೇ ತಿಂಗಳಲ್ಲಿ 'ಸಾಲಿಸ್‌ಬರಿ' ಎಂಬ ಹಡಗಿನಲ್ಲಿ 12 ಮಂದಿ ರೋಗಿಗಳನ್ನು ಆರಿಸಿಕೊಂಡ. ಎಲ್ಲರ ರೋಗಲಕ್ಷಣವೂ ಆದಷ್ಟು ಒಂದೇ ತೆರನಾಗಿತ್ತು, ಎಲ್ಲರಿಗೂ ಒಂದೇ ಬಗೆಯ ಊಟ. ಅವರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ: ಸೇಬಿನ ಮದ್ಯ, ಸಲ್ಫ್ಯೂರಿಕ್ ಆಮ್ಲ ಬೆರೆತ ದ್ರವ, ವಿನೆಗರ್, ಸಮುದ್ರದ ನೀರು, ಬೆಳ್ಳುಳ್ಳಿ ಸಾಸಿವೆ ಮುಂತಾದವುಗಳ ಲೇಹ್ಯ, ಕೊನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರು ದಿನಗಳಲ್ಲಿ ಹಣ್ಣು ಮುಗಿದುಹೋಯಿತು. ಅಷ್ಟರಲ್ಲೇ ಹಣ್ಣು ತಿಂದವರಲ್ಲಿ ಒಬ್ಬ ಕೆಲಸಕ್ಕೆ ಹಿಂದಿರುಗುವಷ್ಟು ಚೇತರಿಸಿಕೊಂಡಿದ್ದ.

ಲಿಂಡ್‌ನ ಪ್ರಯೋಗವನ್ನು ಪಠ್ಯಪುಸ್ತಕಗಳು ವಿಟಮಿನ್ ಸಿ ಪಾಠದಲ್ಲಿ ಹೇಳುತ್ತವೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು ಅಂಶ. ಬೆಳ್ಳುಳ್ಳಿಯೂ ಸಸ್ಯವೇ, ಸಾಸಿವೆಯೂ ಸಸ್ಯವೇ. ಅವು ನಿಂಬೆಯಂತೆ ಗುಣ ಮಾಡಲಿಲ್ಲ. 'ಸಸ್ಯಮೂಲ' ಎಂಬುದು ಮದ್ದಿನ ಗುಣವಲ್ಲ, ಅದರ ವಿಳಾಸ ಮಾತ್ರ. ಆ ಸಸ್ಯದಲ್ಲಿ ಏನಿದೆ, ಅದು ದೇಹದಲ್ಲಿ ಏನು ಮಾಡುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಅಧಿಕೃತವಾಗಿ ಕೊಡತೊಡಗಿದ್ದು 1795ರಲ್ಲಿ. ಅದರಲ್ಲಿದ್ದ ವಸ್ತು ಯಾವುದೆಂದು ತಿಳಿಯಲು 20ನೆಯ ಶತಮಾನ ಬರಬೇಕಾಯಿತು. ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1928ರಲ್ಲಿ ಪ್ರತ್ಯೇಕಿಸಿದ್ದ ಆಮ್ಲವೇ ವಿಟಮಿನ್ ಸಿ ಎಂಬುದು 1932ರಲ್ಲಿ ಖಚಿತವಾಯಿತು. ಆತನಿಗೂ, ಅದರ ರಚನೆಯನ್ನು ಬಿಡಿಸಿದ ಬ್ರಿಟನ್ನಿನ ನಾರ್ಮನ್ ಹಾವರ್ತ್‌ಗೂ 1937ರಲ್ಲಿ ನೊಬೆಲ್ ಬಹುಮಾನ ಬಂತು.

ವಿಟಮಿನ್ ಸಿಗೂ ವಸಡಿಗೂ ಇರುವ ನಂಟು ಇದು. ಕೊಲಾಜೆನ್ನಿನ ಮೂರು ಎಳೆಗಳು ಹುರಿಗೊಂಡು ಗಟ್ಟಿಯಾಗಬೇಕಾದರೆ ಅದರಲ್ಲಿರುವ ಪ್ರೋಲೀನ್ ಎಂಬ ಅಮೈನೊ ಆಮ್ಲಕ್ಕೆ ಹೈಡ್ರಾಕ್ಸಿಲ್ ಗುಂಪು ಸೇರಬೇಕು. ಈ ಕೆಲಸ ಮಾಡುವ ಕಿಣ್ವದಲ್ಲಿ ಕಬ್ಬಿಣದ ಅಯಾನು ಇದೆ. ಆ ಕಬ್ಬಿಣವನ್ನು ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿ ಉಳಿಸುವುದು ವಿಟಮಿನ್ ಸಿ. ಹಲ್ಲನ್ನು ಹಿಡಿದಿಡುವ ನಾರುಗಳಲ್ಲಿ ಹಳೆಯ ಕೊಲಾಜೆನ್ ಹೋಗಿ ಹೊಸದು ಬರುವ ಕ್ರಿಯೆ ಬಲು ಬೇಗ ನಡೆಯುತ್ತಿರುತ್ತದೆ. ಆದ್ದರಿಂದ ವಿಟಮಿನ್ ತಪ್ಪಿದರೆ ಮೊದಲು ತೊಂದರೆಗೀಡಾಗುವ ಜಾಗಗಳಲ್ಲಿ ಬಾಯಿಯೂ ಒಂದು.

ನಿಂಬೆಯ ಗೆಲುವು ಪೂರ್ಣ ಗೆಲುವು. ಆದರೆ ಏಕೆ? ಸ್ಕರ್ವಿ ಒಂದು ಕೊರತೆಯ ರೋಗ. ಇಲ್ಲದ್ದನ್ನು ಕೊಟ್ಟರೆ ಗುಣವಾಗುತ್ತದೆ. ಪಯೋರಿಯಾ ಕೂಡ ಹೊರನೋಟಕ್ಕೆ ಸ್ಕರ್ವಿಯಂತೆ ಕಾಣುತ್ತದೆ: ರಕ್ತ, ಊತ, ಅಲುಗಾಡುವ ಹಲ್ಲು. ಹಾಗಾದರೆ ಅದಕ್ಕೂ ಒಂದು ಸಸ್ಯ ಕಾದಿರಬಹುದಲ್ಲವೆ? ಹೀಗೆ ಯೋಚಿಸುವುದು ಸಹಜವೇ ಆಗಿತ್ತು.

ಎರಡನೆಯ ಸಸ್ಯ: ಇಪಿಕಾಕ್

ಇಪಿಕಾಕ್ ಬ್ರೆಜಿಲಿನ ಕಾಡಿನ ಒಂದು ಸಣ್ಣ ಗಿಡ, ಕಾಫಿ ಗಿಡದ ಕುಟುಂಬಕ್ಕೆ ಸೇರಿದ್ದು. ಅದರ ಬೇರು ವಾಂತಿ ಬರಿಸುತ್ತದೆ. ಆಮಶಂಕೆಗೆ ಅದು ಹಳೆಯ ಔಷಧಿ. ಬೇರಿನ ಸತ್ವವಾದ ಎಮೆಟಿನನ್ನು ಫ್ರಾನ್ಸಿನ ಪೆಲೆಟಿಯೆ ಮತ್ತು ಮಜಾಂಡಿ 1817ರಲ್ಲಿ ಬೇರ್ಪಡಿಸಿದರು. ಎಮೆಟಿನ್ ಅಮೀಬಗಳನ್ನು ಕೊಲ್ಲುತ್ತದೆ ಎಂದು ಅಮೆರಿಕದ ವೈದ್ಯ ಎಡ್ವರ್ಡ್ ವೆಡರ್ 1911ರಲ್ಲಿ ತೋರಿಸಿದ. ಮರುವರ್ಷವೇ ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿದ್ದ ಲಿಯೊನಾರ್ಡ್ ರೋಜರ್ಸ್ ಅಮೀಬ ಆಮಶಂಕೆಯ ರೋಗಿಗಳಿಗೆ ಎಮೆಟಿನ್ ಚುಚ್ಚುಮದ್ದು ಕೊಟ್ಟು ಒಳ್ಳೆಯ ಫಲ ಕಂಡ. ಸಸ್ಯದ ಒಂದು ಸತ್ವ ಒಂದು ನಿರ್ದಿಷ್ಟ ರೋಗಾಣುವನ್ನು ಹುಡುಕಿ ಹೊಡೆಯುತ್ತದೆ ಎಂಬುದು ಆ ದಿನಗಳಲ್ಲಿ ದೊಡ್ಡ ಸುದ್ದಿ.

ಈಗ ಬಾಯಿಗೆ ಬರೋಣ. ಮನುಷ್ಯನ ಬಾಯಲ್ಲೂ ಒಂದು ಅಮೀಬ ಇದೆ, ಹೆಸರು ಎಂಟಮೀಬ ಜಿಂಜಿವ್ಯಾಲಿಸ್. ಅದು 1849ರಲ್ಲೇ ಪತ್ತೆಯಾಗಿತ್ತು. 1914ರಲ್ಲಿ ಫಿಲಡೆಲ್ಫಿಯದ ಮೈಕೆಲ್ ಬ್ಯಾರೆಟ್ ಮತ್ತು ಆಲೆನ್ ಸ್ಮಿತ್ ಪಯೋರಿಯಾದ ಕೀವಿನಲ್ಲಿ ಈ ಅಮೀಬವನ್ನು ಮತ್ತೆ ಮತ್ತೆ ಕಂಡು, ಇದೇ ರೋಗಕಾರಣವೆಂದು ಸೂಚಿಸಿ ಎಮೆಟಿನ್ ಬಳಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನ್ಯೂ ಆರ್ಲಿಯನ್ಸ್‌ನ ಚಾರ್ಲ್ಸ್ ಬ್ಯಾಸ್ ಮತ್ತು ಫಾಸ್ಟರ್ ಜಾನ್ಸ್ ಸಹ ಇದೇ ತೀರ್ಮಾನಕ್ಕೆ ಬಂದರು. ಇವರು ಸಾಮಾನ್ಯರಲ್ಲ. ಮಲೇರಿಯ ಪರಾವಲಂಬಿಯನ್ನು ಪ್ರಯೋಗನಾಳದಲ್ಲಿ ಬೆಳೆಸಿದ ಕೀರ್ತಿ 1912ರಲ್ಲೇ ಇವರಿಗೆ ಸಂದಿತ್ತು. 1915ರಲ್ಲಿ ಪಯೋರಿಯಾದ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಎಮೆಟಿನ್ನಿನ ಭರವಸೆ ದಂತವೈದ್ಯರಲ್ಲಿ ಹರಡಿತು.

ಕೆಲವೇ ವರ್ಷಗಳಲ್ಲಿ ಆ ಭರವಸೆ ಕುಸಿಯಿತು. ಚಿಕಿತ್ಸೆಯ ಅನಂತರ ರೋಗ ಮರುಕಳಿಸಿತು. ಅಮೀಬ ಆರೋಗ್ಯವಂತರ ಬಾಯಲ್ಲೂ ಸಿಕ್ಕಿತು. ಎಮೆಟಿನ್ ಹೃದಯದ ಸ್ನಾಯುವಿಗೆ ವಿಷ ಎಂಬುದೂ ಸ್ಪಷ್ಟವಾಯಿತು.

ಸೋಲಿನ ಕಾರಣವನ್ನು ಇಂದಿನ ಜೀವಕೋಶ ವಿಜ್ಞಾನ ಚೆನ್ನಾಗಿ ವಿವರಿಸುತ್ತದೆ. ಎಮೆಟಿನ್ ರೈಬೊಸೋಮುಗಳಲ್ಲಿ ಪ್ರೋಟೀನ್ ತಯಾರಿಯನ್ನು ನಿಲ್ಲಿಸುತ್ತದೆ. ಆದರೆ ಎಲ್ಲ ರೈಬೊಸೋಮುಗಳಲ್ಲಿ ಅಲ್ಲ. ಕೋಶಕೇಂದ್ರವುಳ್ಳ ಜೀವಿಗಳ ರೈಬೊಸೋಮುಗಳಲ್ಲಿ ಮಾತ್ರ. ಅಮೀಬಕ್ಕೆ ಕೋಶಕೇಂದ್ರವಿದೆ, ನಮ್ಮ ಹೃದಯದ ಜೀವಕೋಶಕ್ಕೂ ಇದೆ. ಬ್ಯಾಕ್ಟೀರಿಯಕ್ಕೆ ಇಲ್ಲ. ಅಂದರೆ ಈ ಮದ್ದು ರೋಗಿಯ ಹೃದಯವನ್ನು ಮುಟ್ಟುತ್ತಿತ್ತು, ವಸಡನ್ನು ಕೆಡಿಸುತ್ತಿದ್ದ ಬ್ಯಾಕ್ಟೀರಿಯಗಳನ್ನು ಮುಟ್ಟುತ್ತಿರಲಿಲ್ಲ!

ರೋಗದ ಜಾಗದಲ್ಲಿ ಒಂದು ಜೀವಿ ಸಿಕ್ಕಿದ ಮಾತ್ರಕ್ಕೆ ಅದೇ ರೋಗಕ್ಕೆ ಏಕೈಕ ಕಾರಣವಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಕಲಿಯಬಹುದು. ಹಾಗೆಂದು ಅಮೀಬದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದು ಉರಿಯೂತವನ್ನು ಕೆರಳಿಸಬಲ್ಲದು ಎಂದು ಬರ್ಲಿನ್ನಿನ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ವಿಜ್ಞಾನದಲ್ಲಿ ತಳ್ಳಿಹಾಕಿದ ಪ್ರಶ್ನೆಯೂ ಹೊಸ ಉಪಕರಣ ಬಂದಾಗ ಮರಳಿ ಬರುತ್ತದೆ.

ಬ್ಯಾಸ್ ಎರಡನೆಯ ಸಲ

ಚಾರ್ಲ್ಸ್ ಬ್ಯಾಸ್ ಅವರ ಮುಂದಿನ ಬದುಕು ಎಮೆಟಿನ್ನಿಗಿಂತ ಮುಖ್ಯ. ಟ್ಯುಲೇನ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿಭಾಗದ ಮುಖ್ಯಸ್ಥರಾಗಿದ್ದ ಅವರು 1940ರಲ್ಲಿ, ತಮ್ಮ 65ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಆಮೇಲೆ ಮತ್ತೆ ಸೂಕ್ಷ್ಮದರ್ಶಕ ಹಿಡಿದು ಬಾಯಿಯ ಆರೋಗ್ಯದ ಅಧ್ಯಯನಕ್ಕೇ ತೊಡಗಿಕೊಂಡರು. ಈ ಸಲ ಅವರು ಹುಡುಕಿದ್ದು ಮದ್ದನ್ನಲ್ಲ, ದಂತಪಾಚಿಯನ್ನು ತೆಗೆಯುವ ದಾರಿಯನ್ನು. ವಸಡಿನ ಸೀಳಿನೊಳಗೆ ಹೋಗಬೇಕಾದರೆ ಬ್ರಷ್ಷಿನ ಎಳೆ ಎಷ್ಟು ತೆಳ್ಳಗಿರಬೇಕು, ಅದರ ತುದಿ ಹೇಗೆ ದುಂಡಗಿರಬೇಕು ಎಂದೆಲ್ಲ ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದರು. 1954ರಲ್ಲಿ ಹಲ್ಲುಜ್ಜುವ ವಿಧಾನವನ್ನು ವಿವರಿಸಿದರು: ಮೃದುವಾದ ಬ್ರಷ್ಷನ್ನು ವಸಡು ಹಲ್ಲಿಗೆ ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಇಟ್ಟು, ಒತ್ತದೆ, ಸಣ್ಣಗೆ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ಹಲ್ಲಿನ ಸಂದಿಗಳಿಗೆ ದಾರ ಬಳಸಬೇಕು. ಇಂದಿಗೂ ದಂತವೈದ್ಯ ಕಾಲೇಜುಗಳಲ್ಲಿ 'ಬ್ಯಾಸ್ ವಿಧಾನ' ಎಂದು ಕಲಿಸುವುದು ಇದನ್ನೇ. ಅವರು 1975ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು.

ಒಂದೇ ಮನುಷ್ಯ, ಒಂದೇ ರೋಗ. ನಲವತ್ತರಲ್ಲಿ ಸಸ್ಯದ ಸತ್ವದಲ್ಲಿ ಉತ್ತರ ಕಂಡವರು ಎಂಬತ್ತರ ಹೊಸ್ತಿಲಲ್ಲಿ ಬ್ರಷ್ಷಿನ ಎಳೆಯಲ್ಲಿ ಕಂಡರು.

ಪ್ರಯೋಗದ ತೀರ್ಪು

ದಂತಪಾಚಿಯೇ ಕಾರಣ ಎಂಬುದಕ್ಕೆ ನೇರ ಪುರಾವೆ ಬಂದದ್ದು 1965ರಲ್ಲಿ, ಡೆನ್ಮಾರ್ಕಿನ ಆರ್ಹೂಸ್‌ನಿಂದ. ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾದ ವಸಡುಳ್ಳ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸುವಂತೆ ಹೇಳಿದರು. ಇವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. 10ರಿಂದ 21 ದಿನಗಳೊಳಗೆ ಎಲ್ಲರಿಗೂ ವಸಡಿನ ಉರಿಯೂತ ಬಂತು. ಮತ್ತೆ ಹಲ್ಲುಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಹೋಯಿತು. ಕಾರಣ ಕೊಟ್ಟರೆ ರೋಗ, ತೆಗೆದರೆ ಆರೋಗ್ಯ. ಮದ್ದಿನ ಪ್ರಶ್ನೆಯೇ ಬರಲಿಲ್ಲ.

ಹಾಗಾದರೆ ವಯಸ್ಸು? ಲೋ ಅವರ ತಂಡವೇ 1970ರಲ್ಲಿ ಶ್ರೀಲಂಕಾದ ಟೀ ತೋಟಗಳಿಗೆ ಬಂತು. ಬ್ರಷ್ಷು, ದಂತವೈದ್ಯ ಎರಡೂ ತಲಪದಿದ್ದ 480 ಮಂದಿ ಗಂಡಸರ ಬಾಯಿಯನ್ನು ಪರೀಕ್ಷಿಸಿ, 15 ವರ್ಷಗಳ ಕಾಲ ಮತ್ತೆ ಮತ್ತೆ ಅಳೆಯಿತು. ಎಲ್ಲರಲ್ಲೂ ದಂತಪಾಚಿ ಧಾರಾಳ, ಎಲ್ಲರಲ್ಲೂ ವಸಡಿನ ಉರಿಯೂತ. ಆದರೆ 1986ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರು ಗುಂಪುಗಳಿದ್ದುವು. ಸುಮಾರು 8 ಶೇಕಡಾ ಮಂದಿಯಲ್ಲಿ ರೋಗ ವೇಗವಾಗಿ ಮುಂದುವರಿದಿತ್ತು, 81 ಶೇಕಡಾ ಮಂದಿಯಲ್ಲಿ ಸಾಧಾರಣ ವೇಗದಲ್ಲಿ, 11 ಶೇಕಡಾ ಮಂದಿಯಲ್ಲಿ ಅದು ವಸಡಿನ ಹಂತದಿಂದ ಕೆಳಗಿಳಿದೇ ಇರಲಿಲ್ಲ. ಅಧ್ಯಯನ ಶುರುವಾಗಿ 40 ವರ್ಷಗಳ ಅನಂತರ, 2010ರಲ್ಲಿ, ಅವರಲ್ಲಿ 75 ಮಂದಿಯನ್ನು ಮತ್ತೆ ಹುಡುಕಿ ಪರೀಕ್ಷಿಸಲಾಯಿತು.

ಒಂದೇ ತೋಟ, ಒಂದೇ ಬಗೆಯ ಜೀವನ. ಆದರೂ ಒಬ್ಬನಿಗೆ ನಡುವಯಸ್ಸಿನಲ್ಲೇ ಹಲ್ಲು ಹೋಗುತ್ತದೆ, ಇನ್ನೊಬ್ಬನಿಗೆ ಉಳಿಯುತ್ತದೆ. ವಯಸ್ಸೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ದಂತಪಾಚಿಗೆ ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದು ಇಲ್ಲಿ ಮುಖ್ಯ. ವಂಶವಾಹಿಗಳು, ಹೊಗೆಸೊಪ್ಪು, ಸಕ್ಕರೆ ಕಾಯಿಲೆ ಈ ಪ್ರತಿಕ್ರಿಯೆಯನ್ನು ಬದಲಿಸುತ್ತವೆ. ವಯಸ್ಸು ಮಾಡುವುದು ಲೆಕ್ಕ ಕೂಡಿಸುವ ಕೆಲಸ: ವರ್ಷ ವರ್ಷದ ಸಣ್ಣ ನಷ್ಟ ಅರುವತ್ತರ ಹೊತ್ತಿಗೆ ದೊಡ್ಡ ಮೊತ್ತವಾಗುತ್ತದೆ.

ನಷ್ಟವನ್ನು ತಡೆಯಬಹುದೆ? ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಎಂಬ ಊರಿನಲ್ಲಿ ಪೆರ್ ಆಕ್ಸೆಲ್‌ಸನ್ ಮತ್ತು ಯಾನ್ ಲಿಂಡೆ 1970ರ ದಶಕದ ಆರಂಭದಲ್ಲಿ ವಯಸ್ಕರ ಒಂದು ಗುಂಪಿಗೆ ಹಲ್ಲು ಸ್ವಚ್ಛಗೊಳಿಸುವ ಕ್ರಮ ಕಲಿಸಿ, ನಿಯತವಾಗಿ ವೃತ್ತಿಪರರಿಂದ ಹಲ್ಲು ಶುಚಿ ಮಾಡಿಸುತ್ತ ಬಂದರು. 30 ವರ್ಷಗಳ ಫಲಿತಾಂಶ 2004ರಲ್ಲಿ ಬಂತು. ವಯೋಗುಂಪಿಗೆ ಅನುಗುಣವಾಗಿ ಒಬ್ಬೊಬ್ಬರು ಕಳೆದುಕೊಂಡ ಹಲ್ಲುಗಳ ಸರಾಸರಿ 0.4ರಿಂದ 1.8 ಮಾತ್ರ. ಮೂವತ್ತು ವರ್ಷಕ್ಕೆ ಎರಡು ಹಲ್ಲೂ ಇಲ್ಲ. 'ವಯಸ್ಸಾದ ಮೇಲೆ ಹಲ್ಲು ಬೀಳುವುದು ಸಹಜ' ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಮೂರನೆಯ ಸಸ್ಯ: ಬ್ಲಡ್‌ರೂಟ್

ಕಾರಣ ತಿಳಿದ ಮೇಲೆ ಸಸ್ಯಮೂಲದ ಮದ್ದುಗಳ ಗುರಿಯೂ ಬದಲಾಯಿತು. ಇನ್ನು ಹುಡುಕಬೇಕಾದುದು ದಂತಪಾಚಿಯ ಬ್ಯಾಕ್ಟೀರಿಯಗಳನ್ನು ತಡೆಯುವ ವಸ್ತು. ಉತ್ತರ ಅಮೆರಿಕದ ಕಾಡುಗಳಲ್ಲಿ ಬೆಳೆಯುವ ಬ್ಲಡ್‌ರೂಟ್ ಗಿಡದ ಬೇರನ್ನು ಕತ್ತರಿಸಿದರೆ ರಕ್ತದಂಥ ರಸ ಬರುತ್ತದೆ. ಅಲ್ಲಿನ ಮೂಲನಿವಾಸಿಗಳು ಅದನ್ನು ಬಣ್ಣಕ್ಕೂ ಮದ್ದಿಗೂ ಬಳಸುತ್ತಿದ್ದರು. ಅದರಲ್ಲಿರುವ ಸ್ಯಾಂಗ್ವಿನರಿನ್ ಎಂಬ ಆಲ್ಕಲಾಯ್ಡ್ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ. ಧನ ವಿದ್ಯುದಂಶವಿರುವುದರಿಂದ ದಂತಪಾಚಿಗೆ ಅಂಟಿಕೊಂಡು ಕೆಲವು ಹೊತ್ತು ಉಳಿಯುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ 'ವಯಾಡೆಂಟ್' ಎಂಬ ಹೆಸರಿನ ಟೂತ್‌ಪೇಸ್ಟ್ ಮತ್ತು ಬಾಯಿ ಮುಕ್ಕಳಿಸುವ ದ್ರವ ಇದರಿಂದ ತಯಾರಾಗಿ ಜನಪ್ರಿಯವಾದುವು.

1990ರ ದಶಕದ ಕೊನೆಯಲ್ಲಿ ಬಾಯಿರೋಗ ತಜ್ಞರು ಒಂದು ವಿಚಿತ್ರವನ್ನು ಗಮನಿಸಿದರು. ಮೇಲ್ದವಡೆಯ ವಸಡು ಮತ್ತು ತುಟಿಯ ನಡುವಣ ಮಡಿಕೆಯಲ್ಲಿ ಕೆಲವರಿಗೆ ಬಿಳಿ ಮಚ್ಚೆಗಳು ಕಾಣುತ್ತಿದ್ದುವು. ಲ್ಯೂಕೋಪ್ಲೇಕಿಯಾ ಎಂಬ ಇಂಥ ಮಚ್ಚೆಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗಬಹುದು. ಆ ಜಾಗದಲ್ಲಿ ಅವು ಅಪರೂಪ. ವಿಚಾರಿಸಿದಾಗ ಅಂಥವರಲ್ಲಿ ಬಹುಪಾಲು ಮಂದಿ ಸ್ಯಾಂಗ್ವಿನರಿನ್ ಇದ್ದ ಪೇಸ್ಟ್ ಅಥವಾ ದ್ರವ ಬಳಸಿದವರೆಂದು ತಿಳಿಯಿತು. 1999ರಲ್ಲಿ ಈ ವರದಿ ಪ್ರಕಟವಾಯಿತು. ಮುಂದೆ ತಯಾರಕರು ಆ ವಸ್ತುವನ್ನು ತೆಗೆದು ಬೇರೆ ರಾಸಾಯನಿಕ ಹಾಕಿದರು.

ಈ ಆಲ್ಕಲಾಯ್ಡ್ ನಮಗೂ ಅಪರಿಚಿತವಲ್ಲ. ಬಯಲುಸೀಮೆಯ ಬೀಳು ಜಾಗಗಳಲ್ಲಿ ಹಳದಿ ಹೂ ಬಿಡುವ, ಮುಳ್ಳೆಲೆಯ ಆರ್ಜಿಮೋನ್ ಗಿಡವನ್ನು ನೀವು ನೋಡಿರುತ್ತೀರಿ. ಅದರ ಬೀಜದ ಎಣ್ಣೆಯಲ್ಲಿರುವ ವಿಷಗಳಲ್ಲಿ ಇದೇ ಸ್ಯಾಂಗ್ವಿನರಿನ್ ಸೇರಿದೆ. 1998ರಲ್ಲಿ ದೆಹಲಿಯಲ್ಲಿ ಈ ಎಣ್ಣೆ ಸಾಸಿವೆ ಎಣ್ಣೆಗೆ ಕಲಬೆರಕೆಯಾಗಿ, ಕಾಲು ಊದಿಕೊಂಡು ಹೃದಯ ಸೋಲುವ ಡ್ರಾಪ್ಸಿ ಎಂಬ ರೋಗ ಹರಡಿ 60ಕ್ಕೂ ಹೆಚ್ಚು ಜನ ಸತ್ತರು. ಅದನ್ನು ತಂದದ್ದೂ ಒಂದು ಗಿಡವೇ. ಹೊಗೆಸೊಪ್ಪೂ ಗಿಡವೇ ತಾನೆ? ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಗಳು ನಮ್ಮ ದೇಶದಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದ್ದುವು. ಸರ್ಕಾರ 1992ರಲ್ಲಿ ಅವನ್ನು ನಿಷೇಧಿಸಬೇಕಾಯಿತು.

ವೃದ್ಧರಿಗೆ ಸಸ್ಯಮೂಲದ ಪೂರಕಗಳು

ಹಾಗಾದರೆ ಸಸ್ಯಗಳಿಂದ ವಸಡಿಗೆ ಏನೂ ಉಪಯೋಗವಿಲ್ಲವೆ? ಇದೆ; ಅದರ ಅಳತೆ ತಿಳಿದಿರಬೇಕು. ಜರ್ಮನಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಪರಿದಂತ ಉರಿಯೂತವಿದ್ದವರಿಗೆ ಎರಡು ವಾರ ದಿನಕ್ಕೆ ಎರಡರಂತೆ ಗ್ರೇಪ್‌ಫ್ರೂಟ್ ಕೊಡಲಾಯಿತು. ಇದು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿ. ರಕ್ತದಲ್ಲಿ ವಿಟಮಿನ್ ಸಿ ಏರಿತು, ವಸಡಿನ ರಕ್ತಸ್ರಾವ ಕಡಿಮೆಯಾಯಿತು. ಆದರೆ ದಂತಪಾಚಿಯ ಪ್ರಮಾಣವಾಗಲಿ ಚೀಲದ ಆಳವಾಗಲಿ ಬದಲಾಗಲಿಲ್ಲ. ಜಾವಾ ದ್ವೀಪದ ಟೀ ತೋಟವೊಂದರ ಕಾರ್ಮಿಕರಲ್ಲಿ ನಡೆದು 2007ರಲ್ಲಿ ವರದಿಯಾದ ಅಧ್ಯಯನದಲ್ಲಿ ರಕ್ತದಲ್ಲಿ ವಿಟಮಿನ್ ಸಿ ಕಡಿಮೆಯಿದ್ದವರ ವಸಡಿನ ನಷ್ಟ ಹೆಚ್ಚಾಗಿತ್ತು.

ಇದರರ್ಥ ಹೀಗೆ. ಹಲ್ಲು ಕಳೆದುಕೊಂಡ ವೃದ್ಧರು ಅಗಿಯಲಾರದೆ ಹಣ್ಣು ತರಕಾರಿ ಬಿಟ್ಟು ಗಂಜಿ, ಬ್ರೆಡ್ಡು, ಟೀಗಳಲ್ಲೇ ದಿನ ಕಳೆಯುತ್ತಾರೆ. ವಿಟಮಿನ್ ಸಿ ತಗ್ಗಿ ಉಳಿದ ವಸಡಿನ ತಾಳಿಕೆಯೂ ತಗ್ಗುತ್ತದೆ. ಅಂಥವರಿಗೆ ನೆಲ್ಲಿಕಾಯಿ, ಸೀಬೆ, ನಿಂಬೆ ನಿಜವಾಗಿ ಬೇಕು. ಆದರೆ ಆಹಾರ ಕೊರತೆಯನ್ನು ತುಂಬುತ್ತದೆ. ಹಲ್ಲಿಗೆ ಅಂಟಿದ ಕಲ್ಲನ್ನು ಕೆರೆಯುವುದಿಲ್ಲ. ರಕ್ತ ನಿಂತಿತೆಂದು ರೋಗ ಹೋಯಿತೆಂದು ತಿಳಿದರೆ ಒಳಗೆ ಚೀಲ ಆಳವಾಗುತ್ತಲೇ ಇರುತ್ತದೆ.

ಬೇವಿನ ವಿಷಯವೂ ಇದೇ. ಸಲೀಮುಜ್ಜಮಾನ್ ಸಿದ್ದಿಕಿ ಅವರು 1942ರಲ್ಲಿ ಬೇವಿನ ಎಣ್ಣೆಯಿಂದ ನಿಂಬಿನ್ ಮುಂತಾದ ಕಹಿ ಸತ್ವಗಳನ್ನು ಬೇರ್ಪಡಿಸಿದ ಮೇಲೆ ಅದರ ರಸಾಯನ ವಿಜ್ಞಾನ ಬಹಳ ಬೆಳೆದಿದೆ. ಬೇವಿನ ಕಡ್ಡಿಯಲ್ಲಿ ರಸವೂ ಇದೆ, ಅಗಿದಾಗ ಬಿಚ್ಚಿಕೊಳ್ಳುವ ನಾರೂ ಇದೆ. ನಾರು ಉಜ್ಜುವ ಕೆಲಸ ಮಾಡುತ್ತದೆ. ಕ್ಯಾಪ್ಸೂಲಿನಲ್ಲಿ ಆ ನಾರು ಎಲ್ಲಿದೆ?

ವೃದ್ಧರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅವರಲ್ಲಿ ಅನೇಕರು ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ ಕಾಯಿಲೆಗಳಿಗೆ ನಿತ್ಯ ಮಾತ್ರೆ ನುಂಗುತ್ತಿರುತ್ತಾರೆ. ಗ್ರೇಪ್‌ಫ್ರೂಟ್ ರಸ ಕುಡಿದರೆ ರಕ್ತದೊತ್ತಡದ ಕೆಲವು ಮಾತ್ರೆಗಳ ಮಟ್ಟ ರಕ್ತದಲ್ಲಿ ಬಹಳ ಏರುತ್ತದೆ ಎಂದು ಕೆನಡದ ಸಂಶೋಧಕರು 1991ರಲ್ಲಿ ತೋರಿಸಿದರು. ಕರುಳಿನಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವವೊಂದನ್ನು ಆ ಹಣ್ಣು ತಡೆಯುತ್ತದೆ. ಚಕ್ಕೋತದಲ್ಲೂ ಅಂಥ ರಾಸಾಯನಿಕಗಳಿವೆ. ತಿನ್ನುವ ಹಣ್ಣೇ ಹೀಗಿದ್ದರೆ ಸಾರವನ್ನು ಭಟ್ಟಿ ಇಳಿಸಿ ತುಂಬಿದ ಕ್ಯಾಪ್ಸೂಲಿನ ಬಗ್ಗೆ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಸಕ್ಕರೆ ಕಾಯಿಲೆಗೂ ವಸಡಿಗೂ ಇರುವ ನಂಟು ಎರಡು ಕಡೆಯದು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಬೇಗ ಕೆಡುತ್ತದೆ. ವಸಡಿನ ಉರಿಯೂತ ಸಕ್ಕರೆಯ ಹತೋಟಿಯನ್ನು ಕಷ್ಟಗೊಳಿಸುತ್ತದೆ. ಪರಿದಂತ ಉರಿಯೂತವನ್ನು ಸಕ್ಕರೆ ಕಾಯಿಲೆಯ ಆರನೆಯ ತೊಡಕು ಎಂದು ಲೋ ಅವರು 1993ರಲ್ಲಿ ಕರೆದದ್ದು ಇದಕ್ಕೇ. ಡಬ್ಬಿಯ ಪುಡಿಯನ್ನು ನಂಬಿ ಆರು ತಿಂಗಳು ಕಳೆದರೆ ನಷ್ಟ ಬಾಯಿಗೆ ಮಾತ್ರ ಅಲ್ಲ.

ತರಗತಿಗೆ ಮೂರು ಪ್ರಶ್ನೆಗಳು

ಶಿಕ್ಷಕರು ಈ ಇತಿಹಾಸವನ್ನು ತರಗತಿಯಲ್ಲಿ ಬಳಸಬಹುದು. ಸಸ್ಯಮೂಲದ ಮದ್ದಿನ ಜಾಹೀರಾತೊಂದನ್ನು ತಂದು ವಿದ್ಯಾರ್ಥಿಗಳಿಂದ ಮೂರು ಪ್ರಶ್ನೆ ಕೇಳಿಸಿ. ಈ ಮದ್ದು ರೋಗದ ಕಾರಣವನ್ನು ಮುಟ್ಟುತ್ತದೆಯೆ? ಇದು ಇಪಿಕಾಕ್ ಕಲಿಸಿದ ಪ್ರಶ್ನೆ. ಮದ್ದು ತೆಗೆದುಕೊಂಡವರನ್ನು ತೆಗೆದುಕೊಳ್ಳದವರೊಂದಿಗೆ ಹೋಲಿಸಿ ನೋಡಿದ್ದಾರೆಯೆ? ಇದು ನಿಂಬೆಯ ಪ್ರಶ್ನೆ, ಲಿಂಡ್‌ನ ಆರು ಜೋಡಿಗಳ ಪ್ರಶ್ನೆ. ಹಲವು ವರ್ಷ ಬಳಸಿದರೆ ಏನಾಗುತ್ತದೆ ಎಂದು ಯಾರಾದರೂ ಕಾದು ನೋಡಿದ್ದಾರೆಯೆ? ಇದು ಬ್ಲಡ್‌ರೂಟ್ ಕಲಿಸಿದ ಪ್ರಶ್ನೆ.

ಮನೆಯಲ್ಲಿ ಅಜ್ಜನೋ ಅಜ್ಜಿಯೋ ಹಲ್ಲುಜ್ಜುವಾಗ ರಕ್ತ ಬರುತ್ತದೆ ಎಂದರೆ 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗಬೇಡಿ. ಮೊದಲು ದಂತವೈದ್ಯರಲ್ಲಿ ಕರೆದೊಯ್ದು ಹಲ್ಲಿನ ಕಲ್ಲು ತೆಗೆಸಿ. ಕಲ್ಲು ತೆಗೆದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಅನೇಕರಿಗಿದೆ. ಅದಾಗಲೇ ಸಡಿಲವಾಗಿದ್ದ ಹಲ್ಲನ್ನು ಕಲ್ಲು ಮರೆಮಾಡಿರುತ್ತದೆ, ಅಷ್ಟೆ. ಕೈ ನಡುಗುವವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ. ಮೃದುವಾದ ಬ್ರಷ್ಷನ್ನು 45 ಡಿಗ್ರಿ ಓರೆಯಾಗಿ ಹಿಡಿಯುವುದನ್ನು ನೀವೇ ತೋರಿಸಿಕೊಡಿ. ನೆಲ್ಲಿಕಾಯಿಯನ್ನು ಮದ್ದೆಂದಲ್ಲ, ಊಟದ ಭಾಗವೆಂದು ಕೊಡಿ. ಕೆರೆಯುವುದು ಮೊದಲು, ಪುಡಿ ಆಮೇಲೆ: ಸುಶ್ರುತಸಂಹಿತೆಯ ಈ ಕ್ರಮವನ್ನು ಇಪ್ಪತ್ತನೆಯ ಶತಮಾನದ ಪ್ರಯೋಗಗಳೂ ತಲೆಕೆಳಗು ಮಾಡಿಲ್ಲ.